ರೈಟರ್ ದೇರಪ್ಪನ ಬಿಳಿ ಪಂಚೆ

ಎಲ್ಲಾದರೂ ಕೋವಿಯ ಸದ್ದು ಕೇಳಿಸಿದರೆ ರೈಟರ್ ದೇರಪ್ಪ ಮಾಡುತ್ತಿದ್ದ ಕೆಲಸ ಬಿಟ್ಟು ಉಸಿರು ಹಿಡಿದು ನಿಲ್ಲುತ್ತಿದ್ದ. ಕೊಡಗಿನಲ್ಲಿ ಒಂದು ಗುಂಡು ಹಾರಿದರೆ ಯಾರದೋ ಮನೆಯಲ್ಲಿ ಗಂಡು ಮಗು ಹುಟ್ಟಿರಬಹುದು, ಇಲ್ಲವೇ ಯಾರೋ ಹಂದಿಗೆ ಗುರಿಯಿಟ್ಟಿರಬಹುದು. ಅದರ ಬೆನ್ನಿಗೇ ಇನ್ನೊಂದು ಹಾರಿದರೆ ಸಾವು. ಎರಡು ಗುಂಡು ಕೇಳಿದವರು ಕೈಯಲ್ಲಿದ್ದದ್ದು ಬಿಟ್ಟು, ಬಿಳಿ ಉಟ್ಟು, ಸದ್ದು ಬಂದ ದಿಕ್ಕಿಗೆ ಹೊರಡಬೇಕು. ಎರಡನೆಯದು ಬರುತ್ತದೋ ಇಲ್ಲವೋ ಎಂದು ಕಾಯುವ ಹೊತ್ತು ಉಳಿದವರಿಗೆ ಒಂದು ಗಳಿಗೆಯಾದರೆ ದೇರಪ್ಪನಿಗೆ ಒಂದು ಮಳೆಗಾಲ. ಅರವತ್ತೆರಡನೆಯ ಇಸವಿಯ ಯುದ್ಧದ ದಿನಗಳಲ್ಲಂತೂ ಅವನಿಗೆ ಅನ್ನ ನೀರು ಸೇರುತ್ತಿರಲಿಲ್ಲ, ಯಾಕೆಂದರೆ ಮೊಣ್ಣಪ್ಪ ಗಡಿಯಲ್ಲಿದ್ದ.

ಮೊಣ್ಣಪ್ಪ ಅವನ ನೆಂಟನಲ್ಲ, ಸ್ನೇಹಿತನೂ ಅಲ್ಲ. ಮೊಣ್ಣಪ್ಪ ಕೊಡವರ ಮನೆಯ ಹುಡುಗ, ಸೈನ್ಯದಲ್ಲಿ ಹವಾಲ್ದಾರ, ಆರಡಿ ಎರಡಂಗುಲದ ಆಳು. ಸೈನ್ಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಎಂಟು ವರ್ಷ ಆಡಿ, ಮೂರು ವರ್ಷ ಅದರ ನಾಯಕನಾಗಿ, ಹಡಗು ಹತ್ತಿ ಹೊರದೇಶದಲ್ಲೂ ಆಡಿ ಬಂದವನು. ದೇರಪ್ಪ ಸಂಪಾಜೆ ಕಡೆಯ ಗೌಡ, ಐದಡಿ ಎರಡಂಗುಲ, ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರ, ಕಾವಲು, ಎಲ್ಲ ಅವನದೇ ತಲೆನೋವು. ಇಬ್ಬರ ನಡುವೆ ಇದ್ದದ್ದು ಒಂದಡಿ ಎತ್ತರ ಮತ್ತು ಒಂದು ಗದ್ದೆ ಬಯಲು. ಎಸ್ಟೇಟಿನ ಕಿತ್ತಳೆ ಮರಗಳು ಮುಗಿದು, ಬಯಲು ದಾಟಿದರೆ ಆಚೆ ಬದಿಯಲ್ಲಿ ಮೊಣ್ಣಪ್ಪನ ಮನೆ.

ಈ ಹುಚ್ಚು ಹತ್ತಿದ್ದು ಐವತ್ತೇಳರಲ್ಲಿ. ಎಸ್ಟೇಟಿನ ನೀರಿನ ಪಂಪಿಗೆ ಒಂದು ಭಾಗ ತರಲು ದೇರಪ್ಪನನ್ನು ಬೆಂಗಳೂರಿಗೆ ಕಳಿಸಿದ್ದರು. ಅಂಗಡಿಯವನು ಸಂಜೆ ಬಾ ಎಂದ. ಹೊತ್ತು ಕಳೆಯಲು ಜನ ಸೇರಿದ ಒಂದು ಮೈದಾನದೊಳಕ್ಕೆ ಹೋದರೆ, ಅಲ್ಲಿ ನಮ್ಮ ಗದ್ದೆಯಾಚೆಯ ಮೊಣ್ಣಪ್ಪ. ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದ, ಎಡಗಾಲಿನ ಬೆರಳುಗಳ ಮೇಲೆ ನಿಂತ, ಮೇಲಕ್ಕೆ ಎದ್ದ. ಎದ್ದವನು ಇಳಿಯುವುದನ್ನೇ ಮರೆತ ಹಾಗೆ ಮೇಲೆಯೇ ತಡೆದು ನಿಂತ. ಅವನನ್ನು ಅಡ್ಡಗಟ್ಟಲು ಹಾರಿದ ಇಬ್ಬರೂ ನೆಲಕ್ಕಿಳಿದ ಮೇಲೆ ನಿಧಾನವಾಗಿ ಚೆಂಡನ್ನು ಬಳೆಯೊಳಕ್ಕೆ ಬಿಟ್ಟ. ದೇರಪ್ಪ ಆ ರಾತ್ರಿ ಬಸ್ಸು ತಪ್ಪಿಸಿಕೊಂಡ, ಪಂಪಿನ ಭಾಗವನ್ನೂ ಮರೆತ. ಎರಡು ದಿನ ತಡವಾಗಿ ಬಂದು ಧಣಿಗಳಿಂದ ಉಗಿಸಿಕೊಂಡಾಗಲೂ ಅವನ ಮುಖದಲ್ಲಿ ಬೇಸರವೇ ಇರಲಿಲ್ಲವಂತೆ.

ಅಲ್ಲಿಂದ ಶುರುವಾಯಿತು ಅವನ ಪಾಡು. ಪೇಪರು ಮೈಸೂರಿನ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು. ನಿನ್ನೆಯೇ ಮುಗಿದುಹೋದ ಆಟಕ್ಕೆ ಇವತ್ತು ಬೆಳಗಿನಿಂದ ಹೆದರಿ ಕೂರುವ ಮನುಷ್ಯನನ್ನು ನೀವು ಕಂಡಿದ್ದೀರಾ? ದೇರಪ್ಪ ಅಂಥವನು. ಮೊಣ್ಣಪ್ಪನಿಗೆ ಕಾಲು ಉಳುಕಿದೆ ಎಂದು ಎರಡು ಸಾಲು ಬಂದರೆ ಇವನು ಒಂದು ವಾರ ಕುಂಟುತ್ತಿದ್ದ. ಸುದ್ದಿಯ ತುಂಡುಗಳನ್ನೆಲ್ಲ ಕತ್ತರಿಸಿ ಅನ್ನದ ಗಂಜಿಯಿಂದ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದ. ಜಿರಲೆಗಳು ಗಂಜಿಯ ಆಸೆಗೆ ಮೊಣ್ಣಪ್ಪನ ಅರ್ಧ ವರ್ಷವನ್ನು ತಿಂದುಬಿಟ್ಟಾಗ, ಆ ಅರ್ಧ ವರ್ಷವನ್ನು ನೆನಪಿನಿಂದಲೇ ಬರೆದು ತುಂಬಿಸಿದ. ಲೈನುಮನೆಗಳ ಆಳುಗಳಿಗೆ ಹಾಜರಿ ಕೂಗುವ ಮೊದಲು ಆಟದ ಸುದ್ದಿ ಹೇಳುತ್ತಿದ್ದ. ಅವರಿಗೆ ಆ ಆಟ ಹೇಗಿರುತ್ತದೆಂದೇ ಗೊತ್ತಿಲ್ಲ, ಆದರೂ ರೈಟ್ರ ಮುಖ ನೋಡಿ ಸೋಲೋ ಗೆಲುವೋ ತಿಳಿದುಕೊಳ್ಳುತ್ತಿದ್ದರು.

ಅರವತ್ತರಲ್ಲಿ ಮೊಣ್ಣಪ್ಪ ರಜೆಗೆ ಬಂದಾಗ ದೇರಪ್ಪ ಒಂದು ದೊಡ್ಡ ಸಾಹಸ ಮಾಡಿದ. ಪೀಪಾಯಿಯ ಕಬ್ಬಿಣದ ಬಳೆ ಬಿಚ್ಚಿ, ಕಾಫಿ ಒಣಗಿಸುವ ಕಣದ ಅಂಚಿನ ಸಿಲ್ವರ್ ಓಕ್ ಮರಕ್ಕೆ ಹತ್ತಡಿ ಎತ್ತರದಲ್ಲಿ ಹೊಡೆಸಿದ. ಅಳತೆಯನ್ನು ಮೂರು ಸಲ ನೋಡಿದ. ಆಮೇಲೆ ಗದ್ದೆ ದಾಟಿ ಹೋಗಿ, ಒಂದು ಸಲ ಬಂದು ಎಸೆಯಬೇಕು ಎಂದು ಕೇಳಿಕೊಂಡ. ಮೊಣ್ಣಪ್ಪ ನಗುತ್ತಲೇ ಬಂದ. ಒಂದು ಎಸೆದ, ಒಳಗೆ ಬಿತ್ತು. ಬಳೆಯನ್ನೇ ನೋಡಿಕೊಂಡು ನಿಂತ.

“ರೈಟ್ರೇ, ಇದು ಎರಡು ಇಂಚು ಎತ್ತರ ಆಗಿದೆ.”

“ಇಲ್ಲ, ಮೂರು ಸಲ ಅಳೆದಿದ್ದೇನೆ.”

“ಅಳೆದು ನೋಡಿ.”

ದೇರಪ್ಪ ಟೇಪು ತಂದು ಅಳೆದ. ಅಳೆದ ಮೇಲೆ ಸುರಿದ ಮಳೆಗೆ ಮರದ ಬುಡದ ಮಣ್ಣು ಕೊಚ್ಚಿಹೋಗಿ ಸರಿಯಾಗಿ ಎರಡು ಇಂಚು ನೆಲ ತಗ್ಗಿತ್ತು.

“ಇರಲಿ ಬಿಡಿ,” ಎಂದ ಮೊಣ್ಣಪ್ಪ. “ಎರಡು ಇಂಚು ಜಾಸ್ತಿ ಹಾರಿದ್ರೆ ಆಯ್ತು.” ಹಾಗೆಂದವನು ಹಾರಿ ಹಾರಿ ಇನ್ನೂ ಇಪ್ಪತ್ತು ಸಲ ಎಸೆದ, ಇಪ್ಪತ್ತೂ ಬಿದ್ದವು. ಅವತ್ತಿನಿಂದ ದೇರಪ್ಪ ಆ ಬುಡಕ್ಕೆ ಒಂದು ಹಿಡಿ ಮಣ್ಣು ಹಾಕಲೂ ಯಾರನ್ನೂ ಬಿಡಲಿಲ್ಲ.

ಎರಡು ವರ್ಷ ಕಳೆದು ಯುದ್ಧ ಬಂತು. ಎಸ್ಟೇಟಿನ ಆಫೀಸಿನಲ್ಲಿ ರೇಡಿಯೋ ಇತ್ತು. ಊರಿಗೆ ತಂತಿ ಬಂದರೂ ಮೊದಲು ಆ ಆಫೀಸಿಗೇ ಬರುತ್ತಿತ್ತು. ಮೊಣ್ಣಪ್ಪನ ತಾಯಿ ತಂಗಮ್ಮನಿಗೆ ಓದು ಬಾರದು. ಮಗನ ಕಾಗದಗಳನ್ನು ಓದಿ ಹೇಳುತ್ತಿದ್ದದ್ದು ದೇರಪ್ಪನೇ. ಕೊನೆಯ ಕಾಗದ ಬಂದದ್ದು ಸೆಪ್ಟೆಂಬರಿನಲ್ಲಿ. ಇಲ್ಲಿ ಬಹಳ ಚಳಿ, ಸುಗ್ಗಿಯ ಪುತ್ತರಿ ಹಬ್ಬಕ್ಕೆ ರಜೆ ಸಿಕ್ಕಿದರೆ ಬರುತ್ತೇನೆ, ಇಷ್ಟೇ. ಆಮೇಲೆ ಏನೂ ಇಲ್ಲ. ಸುದ್ದಿ ಓದುವವನು ಬಾಯಿಗೆ ಬಾರದ ಊರುಗಳ ಹೆಸರು ಹೇಳುತ್ತಿದ್ದ, ನಮ್ಮವರು ಹಿಂದೆ ಸರಿದರು ಎನ್ನುತ್ತಿದ್ದ. ದೇರಪ್ಪ ರೇಡಿಯೋಕ್ಕೆ ಕಿವಿ ಕೊಟ್ಟು, ಹಾಜರಿ ಪುಸ್ತಕದಲ್ಲಿ ಬಂದವರನ್ನು ಬರಲಿಲ್ಲವೆಂದೂ ಬಾರದವರನ್ನು ಬಂದರೆಂದೂ ಬರೆಯತೊಡಗಿದ. ಹೊಸ ಕಾವಲುಗಾರರಿಗೆ ಕೋವಿಯ ತೋಟಾ ಕೊಡುವಾಗ ಹೇಳಲೇಬೇಕಾದ ಒಂದು ಮಾತಿತ್ತು: ಒಂದು ಹೊಡೆ, ನೂರರವರೆಗೆ ಎಣಿಸು, ಆಮೇಲೆ ಬೇಕಾದರೆ ಇನ್ನೊಂದು. ಇಲ್ಲದಿದ್ದರೆ ಊರಿಗೆ ಊರೇ ಸಾವಿನ ಮನೆ ಹುಡುಕಿಕೊಂಡು ಹೊರಡುತ್ತದೆ. ಹನ್ನೊಂದು ವರ್ಷ ತಪ್ಪದೆ ಹೇಳಿಕೊಂಡು ಬಂದ ಮಾತು ಅದು.

ನವೆಂಬರಿನ ಒಂದು ಭಾನುವಾರ. ಸಿದ್ದಾಪುರದ ಸಂತೆಯ ದಿನವಾದ್ದರಿಂದ ಲೈನು ಖಾಲಿ, ಬಯಲಿನ ಮನೆಗಳೂ ಖಾಲಿ. ದೇರಪ್ಪನ ತಾಯಿ ಬೊಳ್ಳಮ್ಮನೂ ಚೀಲ ಹಿಡಿದು ಬೆಳಗಿನ ಬಸ್ಸಿಗೆ ಹೋಗಿದ್ದಳು. ಅವನಿಗೆ ಹೆಂಡತಿ ಮಕ್ಕಳಿಲ್ಲ; ಕ್ವಾರ್ಟರ್ಸಿನಲ್ಲಿ ಅವ್ವ ಮತ್ತು ಮಗ ಇಬ್ಬರೇ. ಹತ್ತು ಗಂಟೆಯ ಹೊತ್ತಿಗೆ ದೇರಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡು ಕ್ಷೌರಕ್ಕೆ ಕೂತಿದ್ದಾಗ ಗದ್ದೆಯ ಕಡೆಯಿಂದ ಗುಂಡಿನ ಸದ್ದು ಕೇಳಿಸಿತು.

ಅವನ ಕೈ ನಿಂತಿತು. ಒಂದೇ ಇರಲಿ ದೇವರೇ, ಒಂದೇ ಇರಲಿ. ಇನ್ನೊಂದು ಹಾರಿತು.

ಕನ್ನಡಿಯಲ್ಲಿ ಅರ್ಧ ಸೋಪಿನ ಮುಖ ನೋಡುತ್ತಾ ಎಷ್ಟು ಹೊತ್ತು ಕೂತಿದ್ದನೋ ಅವನಿಗೇ ತಿಳಿಯದು. ಸದ್ದು ಮೊಣ್ಣಪ್ಪನ ಮನೆಯ ದಿಕ್ಕಿನದೇ. ಆ ದಿಕ್ಕಿನಲ್ಲಿ ಸಾಯುವಷ್ಟು ವಯಸ್ಸಾದವರು ಯಾರಿದ್ದಾರೆ ಎಂದು ಲೆಕ್ಕ ಹಾಕಿ ನೋಡಿದ, ಯಾರೂ ಇರಲಿಲ್ಲ. ತಂತಿ ಆಫೀಸಿಗೆ ಬರಲಿಲ್ಲವಲ್ಲ ಎಂದುಕೊಂಡ. ಆಫೀಸು ಭಾನುವಾರ ಬಾಗಿಲು ಹಾಕಿದೆ, ನೇರವಾಗಿ ಮನೆಗೇ ಒಯ್ದಿರುತ್ತಾರೆ ಎಂದೂ ಹೊಳೆಯಿತು. ಹೆದರಿದವನಿಗೆ ಉತ್ತರಗಳಿಗೇನು ಬರ. ಮುಖ ಒರೆಸಿಕೊಂಡು ಪೆಟ್ಟಿಗೆಯ ಅಡಿಯಿಂದ ಬಿಳಿ ಪಂಚೆ ತೆಗೆದು ಉಟ್ಟ, ಬಿಳಿ ವಸ್ತ್ರ ಹೊದ್ದ. ವರ್ಷವಿಡೀ ಖಾಕಿ ಚಡ್ಡಿಯಲ್ಲಿರುವ ರೈಟರನ್ನು ಈ ವೇಷದಲ್ಲಿ ಜನ ಕಾಣುತ್ತಿದ್ದದ್ದು ಸಾವಿನ ಮನೆಗಳಲ್ಲಿ ಮಾತ್ರ. ದಾರಿಯುದ್ದಕ್ಕೂ ಅಳುತ್ತಾ ಹೋದ. ಎದ್ದವನು ಇಳಿಯುವುದನ್ನೇ ಮರೆತು ನಿಂತಿದ್ದ ಆ ಒಂದು ಗಳಿಗೆಯೇ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು.

ಓಣಿ ದಾಟಿ ಅಂಗಳದ ಬಾಯಿಗೆ ಬಂದವನು ಹಾಗೇ ನಿಂತ. ಅಂಗಳದಲ್ಲಿ ಜನವಿಲ್ಲ, ಅಳುವಿಲ್ಲ. ಅಡಿಗೆಮನೆಯಿಂದ ಹೊಗೆ ಏಳುತ್ತಿತ್ತು. ಜಗಲಿಯ ಮೇಲೆ ತಂಗಮ್ಮ ಒಬ್ಬಳೇ ಕೂತು ಪುತ್ತರಿಗೆಂದು ತೂಗುದೀಪವನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಇದು ಸಾವಿನ ಮನೆಯಲ್ಲ. ದೇರಪ್ಪನಿಗೆ ಒಂದು ಕ್ಷಣ ಜೀವ ಬಂದಂತಾಯಿತು, ಮರುಕ್ಷಣವೇ ತನ್ನ ಮೈಮೇಲಿನ ಬಟ್ಟೆಯ ನೆನಪಾಯಿತು.

ಹಿಂದಿರುಗಿ ಓಡಿಬಿಡಬೇಕೆನ್ನುವಷ್ಟರಲ್ಲಿ ತಂಗಮ್ಮ ತಲೆಯೆತ್ತಿದಳು. ರೇಡಿಯೋ ಕೇಳುವ ರೈಟರು, ತಂತಿ ಬರುವ ಆಫೀಸಿನ ರೈಟರು, ಮಗನ ಕಾಗದ ಓದುವ ರೈಟರು, ಬಿಳಿ ಉಟ್ಟು ಅಳುತ್ತಾ ಅಂಗಳದಲ್ಲಿ ನಿಂತಿದ್ದಾನೆ. ದೀಪ ಅವಳ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಉರುಳುತ್ತಾ ಬಂದು ಅವನ ಕಾಲ ಹತ್ತಿರ ನಿಂತಿತು.

“ಯಾವಾಗ?” ಎಂದಳು.

“ಅಲ್ಲ ಅಮ್ಮ. ಮೊಣ್ಣಪ್ಪ ಅಲ್ಲ.”

“ಸುಳ್ಳು ಹೇಳ್ಬೇಡ ಮೋನೆ. ಈಗ ಎರಡು ಗುಂಡು ಕೇಳ್ತು. ಯಾರ ಮನೇಲಿ ಅಂತ ನೋಡ್ತಾ ಕೂತಿದ್ದೆ. ನಿನ್ನ ಕೈಗೆ ತಂತಿ ಬಂತಾ?”

“ಇಲ್ಲ ಅಮ್ಮ. ಕಾವೇರಮ್ಮನ ಆಣೆಗೂ ಬಂದಿಲ್ಲ.”

“ಮತ್ತೆ ಯಾರಿಗೆ ನೀನು ಅಳ್ತಾ ಇರೋದು?”

ಗುಂಡು ಹಾರಿದ್ದನ್ನು ಅವಳೂ ಕೇಳಿದ್ದಾಳೆ. ನಿನ್ನ ಮಗನೇ ಸತ್ತನೆಂದು ತಿಳಿದು ಬಿಳಿ ಉಟ್ಟು ಬಂದೆ ಎಂದು ಬದುಕಿರುವವನ ತಾಯಿಯ ಎದುರು ಹೇಳುವುದು ಹೇಗೆ? ಹೇಳಿದರೂ ಅವಳು ನಂಬುವುದಿಲ್ಲ. ಮುಚ್ಚಿಡುತ್ತಿದ್ದಾನೆ ಎಂದೇ ತಿಳಿಯುತ್ತಾಳೆ. ಅವಳ ಒಂದು ಕೈ ಆಗಲೇ ಎದೆಯ ಮೇಲಿತ್ತು, ತುಟಿ ಬೆಳ್ಳಗಾಗಿತ್ತು. ಈಗಿಂದೀಗ ಒಂದು ಸಾವು ಬೇಕು, ಅದು ಮೊಣ್ಣಪ್ಪನದಾಗಿರಬಾರದು. ಹಾಗೆ ನೋಡಿದರೆ ಕೊಡಲು ದೇರಪ್ಪನ ಹತ್ತಿರ ಇದ್ದದ್ದು ಒಬ್ಬಳೇ.

“ನಮ್ಮ ಅವ್ವ,” ಎಂದ. “ನಮ್ಮ ಅವ್ವ ಹೋದಳು.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಕೇಳಿಸಿತು. ತಂಗಮ್ಮ ಕಂಬ ಹಿಡಿದುಕೊಂಡು ಉಸಿರು ಬಿಟ್ಟಳು. ಆ ಉಸಿರಿನಲ್ಲಿ ಇದ್ದದ್ದು ಸಮಾಧಾನ. ಅದು ಅವಳಿಗೇ ತಿಳಿದು, ನಾಚಿಕೆಯಿಂದ ಇನ್ನೂ ಹೆಚ್ಚು ಅತ್ತಳು. ಬಂದು ಅವನ ತಲೆ ಸವರಿದಳು. ಆಮೇಲೆ ಒಳಗೆ ಹೋದಳು. ಹೊರಗೆ ಬಂದಾಗ ಬಿಳಿ ಸೀರೆ ಉಟ್ಟಿದ್ದಳು.

“ನಡಿ,” ಎಂದಳು.

“ನೀವು ಯಾಕೆ ಅಮ್ಮ, ಇಷ್ಟು ದೂರ? ಬಿಸಿಲು.”

“ಎಂತ ಮಾತು ಆಡ್ತಿ? ನನ್ನ ಮಗನ ಕಾಗದ ಓದುವವನ ಅವ್ವ. ನಾನು ಬಾರದೆ ಯಾರು ಬರೋದು?”

ಗದ್ದೆಯ ಬದುವಿನ ಮೇಲೆ ಮುಂದೆ ದೇರಪ್ಪ, ಹಿಂದೆ ತಂಗಮ್ಮ. ಸಂತೆಗೆ ಹೋದವರ ಮೊದಲ ಬಸ್ಸು ಹನ್ನೊಂದೂವರೆಗೆ ಬರುತ್ತದೆ. ಅವ್ವ ಅದರಲ್ಲೇ ಬರುತ್ತಾಳೆ, ಒಣಮೀನು ಕೊಂಡ ದಿನ ಅವಳು ನಿಲ್ಲುವವಳೇ ಅಲ್ಲ. ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿದ. ಬೇಡಿದ ಮೇಲೆ, ಅವ್ವನ ಬಸ್ಸಿಗೆ ಕೇಡು ಬಯಸಿದೆನಲ್ಲ, ಆಡಿದ ಮಾತು ನಿಜವಾದರೆ ಏನು ಗತಿ ಎಂದು ಬೆವರು ಕಿತ್ತುಕೊಂಡಿತು. ಈಗ ಆ ಬಸ್ಸು ತಿರುವಿನಲ್ಲಿ ಉರುಳಿಬಿದ್ದರೆ? ಕಣ್ಣೆದುರಿಗೆ ಅದೂ ಬಂತು. ಹಿಂದಿನಿಂದ ತಂಗಮ್ಮ ಕೇಳುತ್ತಿದ್ದಳು: ಜ್ವರ ಇತ್ತಾ, ನೀರು ಕುಡಿದಳಾ, ಕೊನೆಗೆ ಏನಾದರೂ ಹೇಳಿದಳಾ? ಅವನು ಪ್ರತಿಯೊಂದಕ್ಕೂ ಹೂಂ ಎಂದ.

“ಮೊಣ್ಣನ ಮೇಲೆ ಬಹಳ ಪ್ರೀತಿ ಅವಳಿಗೆ,” ಎಂದಳು ತಂಗಮ್ಮ. “ಚಿಕ್ಕಂದಿನಲ್ಲಿ ಅವನು ಕಿತ್ತಳೆ ಕೊಯ್ಲಿನ ಹೆಂಗಸರ ಬೆನ್ನಿನ ಬುಟ್ಟಿಗೆ ದೂರದಿಂದ ಕಿತ್ತಳೆ ಎಸೀತಿದ್ದ. ಅವರು ನಡೀತಾನೇ ಇರ್ಬೇಕು, ಇವನು ಎಸೀತಾನೇ ಇರ್ಬೇಕು. ಒಂದೂ ಕೆಳಗೆ ಬೀಳ್ತಿರ್ಲಿಲ್ಲ. ಅದನ್ನ ಹೇಳಿದ್ರೆ ನಿನ್ನವ್ವ ಎಷ್ಟು ನಗ್ತಿದ್ದಳು.”

ಇದು ದೇರಪ್ಪನಿಗೆ ಗೊತ್ತಿರಲಿಲ್ಲ. ಅಷ್ಟು ಸಂಕಟದಲ್ಲೂ ಅವನ ಮನಸ್ಸು, ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕು ಎಂದಿತು. ಇಂಥ ಮನುಷ್ಯನಿಗೆ ಏನು ಹೇಳೋಣ?

ಕ್ವಾರ್ಟರ್ಸಿನ ಜಗಲಿಯ ಮೇಲೆ ಬೊಳ್ಳಮ್ಮ ಕಾಲು ಚಾಚಿ ಕೂತು ಸಂತೆಯ ಚೀಲ ಬರಿದು ಮಾಡುತ್ತಿದ್ದಳು. ಬಸ್ಸು ಹತ್ತು ನಿಮಿಷ ಬೇಗ ಬಂದಿತ್ತು. ಬಿಳಿ ಉಟ್ಟ ಮಗನನ್ನು, ಬಿಳಿ ಉಟ್ಟ ತಂಗಮ್ಮನನ್ನು ಕಂಡು ಕೈಯಲ್ಲಿದ್ದ ಮೀನಿನ ಪೊಟ್ಟಣ ಹಾಗೇ ಹಿಡಿದುಕೊಂಡು ಎದ್ದಳು.

“ಯಾರು ಹೋದ್ದು?” ಎಂದಳು.

ತಂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ, “ನೀನು,” ಎಂದಳು.

ಅಷ್ಟರಲ್ಲಿ ಕಿತ್ತಳೆ ತೋಟದ ಕಡೆಯಿಂದ ಕೋವಿ ಹೆಗಲಿಗೇರಿಸಿಕೊಂಡು ಕಾವಲುಗಾರ ಜವರ ಬಂದ. ಪಿರಿಯಾಪಟ್ಟಣದ ಕಡೆಯವನು, ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು.

“ರೈಟ್ರೇ, ಕೋತಿಗಳು ಹಿಂಡು ಹಿಂಡಾಗಿ ಬಂದ್ಬುಟ್ಟಿದ್ವು. ನೀವು ಕೊಟ್ಟ ಎಲ್ಡು ತೋಟಾನೂ ಒಂದೇ ಏಟ್ಗೆ ಹಾರಿಸ್ಬುಟ್ಟೆ. ಇನ್ನೆಲ್ಡು ಕೊಡಿ.”

ದೇರಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಮೂರು ವಾರದ ಹಿಂದೆ ಜವರನ ಕೈಗೆ ತೋಟಾ ಕೊಡುವಾಗ ರೇಡಿಯೋದಲ್ಲಿ ಸುದ್ದಿ ಬರುತ್ತಿತ್ತು. ಅವತ್ತು ತನ್ನ ಕಿವಿ ಎಲ್ಲಿತ್ತೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಹನ್ನೊಂದು ವರ್ಷ ಹೇಳಿಕೊಂಡು ಬಂದ ಆ ಒಂದು ಮಾತನ್ನು ಈ ಒಬ್ಬನಿಗೆ ಹೇಳಿರಲಿಲ್ಲ.

ಬೊಳ್ಳಮ್ಮ ಜವರನ ಕೋವಿಯನ್ನು ನೋಡಿದಳು, ಗದ್ದೆಯ ಆಚೆಯ ಮನೆಯನ್ನು ನೋಡಿದಳು, ಅರ್ಧ ಕ್ಷೌರವಾದ ಮಗನ ಮುಖ ನೋಡಿದಳು. ಆ ನೋಟ್‌ಬುಕ್ಕಿಗೆ ಗಂಜಿ ಬಸಿದುಕೊಟ್ಟವಳು ಅವಳೇ. ಮಗ ಯಾರಿಗೆಂದು ಬಿಳಿ ಉಟ್ಟಿದ್ದನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ತಂಗಮ್ಮನಿಗೂ ಆಗ ಅರ್ಥವಾಯಿತು.

“ಬಾ ತಂಗಮ್ಮ, ಕೂರು,” ಎಂದು ಬೊಳ್ಳಮ್ಮ ಅವಳ ಕೈ ಹಿಡಿದು ಜಗಲಿಗೆ ಹತ್ತಿಸಿದಳು. “ಸಾಯದವರು ಸತ್ತರು ಅಂತ ಸುದ್ದಿ ಹುಟ್ಟಿದ್ರೆ ಅವರಿಗೆ ಆಯುಸ್ಸು ಜಾಸ್ತಿ ಆದೆ ಅಂತ ನಮ್ಮಲ್ಲಿ ಹೇಳ್ತಾರೆ. ನಂಗೆ ಅರವತ್ತೆಂಟು ಆತ್. ಇನ್ನೂ ಬದುಕಿ ಎಂಥ ಮಾಡೊದುಟ್ಟು? ಇವತ್ತು ಬಂದ ಆಯುಸ್ಸು ನಿನ್ನ ಮೊಣ್ಣಂಗೆ ಹೋಗ್ಲಿ. ನಾ ಮನಸಾರೆ ಕೊಟ್ಟೆ.”

ತಂಗಮ್ಮ ಅವಳ ಹೆಗಲಿಗೆ ತಲೆಯಿಟ್ಟು ಅತ್ತಳು. ಬೊಳ್ಳಮ್ಮ ಅವಳ ಬೆನ್ನು ತಟ್ಟುತ್ತಲೇ ಮಗನಿಗೆ, “ಹೋಗಿ ಆ ಇನ್ನರ್ಧ ಮುಖ ಬೋಳಿಸ್ಕೊ,” ಎಂದಳು.

ಅದಾದ ಮೇಲೆ ಹದಿನೇಳು ದಿನ ಕಾದರು. ಯುದ್ಧ ನಿಂತಿತು ಎಂದು ರೇಡಿಯೋ ಹೇಳಿದರೂ ಯಾರು ಉಳಿದರೆಂದು ಅದು ಹೇಳಲಿಲ್ಲ. ಪುತ್ತರಿಗೆ ತಂಗಮ್ಮ ದೀಪ ಹಚ್ಚಿದಳು, ಊಟ ಮಾಡಲಿಲ್ಲ. ಹಬ್ಬದ ಗುಂಡುಗಳು ಹಾರಿದಾಗ ದೇರಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ.

ಹದಿನೆಂಟನೆಯ ದಿನ ಕಾಗದ ಬಂತು. ಲಕೋಟೆಯ ಮೇಲಿನ ಅಕ್ಷರ ಮೊಣ್ಣಪ್ಪನದೇ. ದೇರಪ್ಪ ಅದನ್ನು ಒಡೆಯದೆ ಎದೆಗವಚಿಕೊಂಡು, ಬೇಕೆಂದೇ ಖಾಕಿ ಚಡ್ಡಿಯಲ್ಲಿ ಗದ್ದೆ ದಾಟಿ ಓಡಿದ. ತಂಗಮ್ಮ ಜಗಲಿಯ ಮೇಲೆ ಕೂತಳು. ಅವನು ಮೆಟ್ಟಿಲ ಮೇಲೆ ಕೂತು ಓದತೊಡಗಿದ. ಆಸ್ಪತ್ರೆಯಲ್ಲಿದ್ದೇನೆ. ಊಟ ಚೆನ್ನಾಗಿದೆ. ಆರು ದಿನ ಹಿಮದಲ್ಲಿ ನಡೆದೆವು. ಮುಂದಿನ ಸಾಲಿಗೆ ಬಂದಾಗ ದೇರಪ್ಪನ ಬಾಯಿ ನಿಂತಿತು.

“ಏನು ಬರೆದಿದ್ದಾನೆ?”

“ಚಳಿಗೆ...” ಎಂದ ದೇರಪ್ಪ. “ಚಳಿಗೆ ಕಾಲಿನ ಬೆರಳುಗಳು ಸತ್ತುಹೋಗಿದ್ದವಂತೆ. ಎಡಗಾಲಿನ ಐದೂ ತೆಗೆದಿದ್ದಾರಂತೆ.”

ತಂಗಮ್ಮ ತನ್ನ ಕಾಲಿನ ಬೆರಳುಗಳನ್ನು ನೋಡಿಕೊಂಡಳು.

“ಬರ್ತಾನಾ?”

“ಬರ್ತಾರೆ ಅಮ್ಮ. ಜನವರಿಯಲ್ಲಿ.”

“ನಡೀತಾನಾ?”

“ಕೋಲು ಹಿಡಿದು ನಡೀತಾರಂತೆ.”

“ಸಾಕು,” ಎಂದಳು ತಂಗಮ್ಮ. ಎರಡೂ ಕೈಯಿಂದ ಮುಖ ಒರೆಸಿಕೊಂಡು, ಅವನಿಗೆ ಕಾಫಿ ತರಲು ಒಳಗೆ ಹೋದಳು.

ದೇರಪ್ಪ ಕಾಗದ ಮಡಿಸಿದ. ಆ ಐದು ಬೆರಳುಗಳ ಮೇಲೆ ನಿಂತು ಎದ್ದವನನ್ನು ಅವನು ಕಣ್ಣಾರೆ ಕಂಡಿದ್ದ. ಈ ಮನೆಯಲ್ಲಿ ಅದನ್ನು ಕಂಡವರು ಇನ್ನಾರೂ ಇರಲಿಲ್ಲ. ಅವಳು ಬರುವ ಮೊದಲೇ ಅವನೂ ಒಂದು ಸಲ, ಸಾಕು, ಎಂದುಕೊಂಡ.

ಸಂಜೆ ಬೊಳ್ಳಮ್ಮ ಹುಡುಕಿಕೊಂಡು ಕಣಕ್ಕೆ ಬಂದಾಗ ಮಗ ಸಿಲ್ವರ್ ಓಕ್ ಮರದ ಬುಡಕ್ಕೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕುತ್ತಿದ್ದ. ಹಾಕುವುದು, ಕಾಲಿನಿಂದ ತುಳಿಯುವುದು, ಟೇಪು ಹಿಡಿದು ಬಳೆಯವರೆಗೆ ಅಳೆಯುವುದು, ಮತ್ತೆ ಹಾಕುವುದು.

“ಎರಡು ವರ್ಷ ಯಾರನ್ನೂ ಮುಟ್ಟಿಕೆ ಬಿಟ್ಟಿಲ್ಲೆ. ಈಗ ಎಂಥ ಮಾಡ್ತಿಯ?” ಎಂದಳು.

“ಎರಡು ಇಂಚು ಎತ್ತರ ಉಟ್ಟು ಅವ್ವ,” ಎಂದ ದೇರಪ್ಪ, ತಲೆಯೆತ್ತದೆ. “ಮೊಣ್ಣಪ್ಪ ಇನ್ನು ನಿಂತಲ್ಲಿಂದಲೇ ಎಸೆಯಕ್ಕು.”